ಸಣ್ಣೋರ ಊರು ಮ್ಯಾಪ್ ಮೇಲೆ ಸುಮ್ನೆ ಕೂರ್ಬಾರ್ದು ಅಂದ್ರೆ ಏನ್ ಮಾಡ್ಬೇಕು

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ರು ಕಥೆ ನಡೆಸ್ತಾ ಉಳಿದೋರು ಪಾತ್ರ ಆಡೋ ಡೈಸ್ ಆಟ) ಆಡ್ಸೋಕೆ ಹೊಸದಾಗಿ ಶುರು ಮಾಡಿರೋ ಯಾರ ಮ್ಯಾಪ್ ನೋಡಿದ್ರೂ ಹಾಫ್‌ಲಿಂಗ್‌ಗಳ, ಅಂದ್ರೆ ಆ ಆಟದ ಮೂರಡಿ ಎತ್ತರದ ಸಣ್ಣೋರ, ಊರು ಒಂದೇ ಥರ ಇರತ್ತೆ. ಮೂಲೇಲಿ ಒಂದು ಹಸಿರು ಗುಡ್ಡ, ದುಂಡಗಿನ ಬಾಗ್ಲು, ಎಲ್ರೂ ಹೊಟ್ಟೆ ತುಂಬ ಉಂಡ್ಕೊಂಡು ನಕ್ಕೊಂಡು ಇರ್ತಾರೆ, ಎರಡನೇ ಸೆಷನ್‌ಗೆ ಗಾಬ್ಲಿನ್‌ಗಳು (ಕುಳ್ಳ ರಾಕ್ಷಸ್ರು) ಬಂದು ಬೆಂಕಿ ಇಡ್ತಾವೆ, ಪ್ಲೇಯರ್‌ಗಳು ಅಯ್ಯೋ ಪಾಪ ಅಂತಾರೆ, ಅಲ್ಲಿಗೆ ಮುಗೀತು. ಇಡೀ ಊರು ಸುಟ್ಟೋದ್ರೂ ಪಕ್ಕದ ರಾಜ್ಯದಲ್ಲಿ ಒಬ್ರಿಗೂ ಏನೂ ತೊಂದ್ರೆ ಆಗಲ್ಲ ಅಂದ್ಮೇಲೆ ಆ ಊರು ಅಲ್ಲಿ ಇದ್ರೆಷ್ಟು ಬಿಟ್ರೆಷ್ಟು.

ಅದಕ್ಕೇ ನಾನು ಹೇಳೋದು, ಎತ್ತರ ಎಷ್ಟು ಕಿವಿ ಹೆಂಗಿದೆ ಹಬ್ಬ ಯಾವ್ದು ಅನ್ನೋದೆಲ್ಲ ಆಮೇಲೆ. ಮೊದ್ಲು ಕೇಳ್ಕೋಬೇಕಾಗಿರೋದು ಇಷ್ಟೇ: ಈ ಸಣ್ಣೋರು ನಾಳೆ ಬೆಳಿಗ್ಗೆ ಕೆಲ್ಸ ನಿಲ್ಸಿದ್ರೆ ದೊಡ್ಡೋರ (ನಮ್ಮಂಥ ಮಾಮೂಲಿ ಎತ್ತರದ ಮನುಷ್ಯರ) ಮನೇಲಿ ಏನು ನಿಂತೋಗತ್ತೆ? ಉತ್ರ ಸಿಕ್ಕಿದ್ಮೇಲೆ ಅದನ್ನೇ ತಿರುಗ್ಸಿ ಕೇಳಿ, ದೊಡ್ಡೋರು ಕೈ ಎತ್ತಿದ್ರೆ ಸಣ್ಣೋರಿಗೆ ಏನು ಸಿಗಲ್ಲ? ಎರಡಕ್ಕೂ ಉತ್ರ ಇದ್ರೆ ನಿಮ್ಗೆ ಊರು ಸಿಕ್ತು, ಕ್ವೆಸ್ಟ್ (ಪ್ಲೇಯರ್‌ಗಳಿಗೆ ಕೊಡೋ ಕೆಲ್ಸ) ಹುಡುಕ್ಕೊಂಡು ಬೇರೆ ಎಲ್ಲೂ ಹೋಗೋದೇ ಬೇಡ.

ಹಾಸನ ಚಿಕ್ಕಮಗಳೂರು ಕಡೆಯೋರಿಗೆ ಇದು ಕಷ್ಟನೇ ಅಲ್ಲ, ಕಣ್ಣೆದುರಿಗೇ ಇದೆ. ಸಕಲೇಶಪುರದ ಮಂಜರಾಬಾದ್ ಕೋಟೆ ತಗೊಳ್ಳಿ, 1792ರಲ್ಲಿ ಟಿಪ್ಪು ಕಟ್ಸಿದ್ದು, ಎಂಟು ಮೂಲೆ ನಕ್ಷತ್ರದ ಆಕಾರ, ಮೇಲೆ ನಿಂತ್ರೆ ಘಾಟಿ ದಾರಿ ಕಾಯ್ಬೋದು. ಈಗ ನಿಮ್ಮ ಗೇಮ್‌ಗೆ ಅದನ್ನೇ ಎತ್ಕೊಳ್ಳಿ: ಮೇಲೆ ದೊಡ್ಡೋರ ಕೋಟೆ, ರಾಜನ ಸೈನಿಕ್ರು, ಕೆಳಗೆ ಕಣಿವೇಲಿ ಮಳೆ, ಜಿಗಣೆ, ಮಂಜು, ಅಲ್ಲಿ ಮೂರಡಿ ಎತ್ತರದ ಜನ. ಮಲೆನಾಡಲ್ಲಿ ಉಪ್ಪು ಬೆಳೆಯಲ್ಲ ಕಣ್ರಿ, ಅದು ಕರಾವಳಿಯಿಂದ್ಲೇ ಮೇಲೆ ಬರ್ಬೇಕು, ಮೆಣಸು ಏಲಕ್ಕಿ ಮೇಲಿಂದ ಇಳೀಬೇಕು, ಮಳೆಗಾಲ ಬಂತು ಅಂದ್ರೆ ದೊಡ್ಡ ದಾರಿ ಕುಸಿಯತ್ತೆ (ಶಿರಾಡೀಲಿ ಈಗ್ಲೂ ಅದೇ ಗೋಳು, ಗುಡ್ಡ ಜರುಗಿದ್ರೆ ಬಸ್ಸು ಬಂದ್), ಆಗ ಉಳಿಯೋದು ಸಣ್ಣೋರ ಕಾಲ್ದಾರಿ ಮಾತ್ರ. ಅಂದ್ರೆ ಆಷಾಢದಿಂದ ದಸರಾವರೆಗೂ ಕೋಟೆಯೋರ ಊಟದ ಉಪ್ಪು ಈ ಮೂರಡಿ ಜನರ ಬೆನ್ನ ಮೇಲಿದೆ. ಬರೀ ಇಷ್ಟು ಇಟ್ಕೊಂಡ್ರೂ ಸಾಕು, ಸುಂಕ ಯಾರು ವಸೂಲಿ ಮಾಡೋದು, ಕಳ್ಳಸಾಗಣೆ ಯಾರು ಮಾಡ್ತಾರೆ, ಕೋಟೆ ಅಧಿಕಾರಿ ಯಾಕೆ ಇವ್ರ ಹತ್ರ ಜೋರಾಗಿ ಮಾತಾಡ್ದೆ ನಯವಾಗಿ ಮಾತಾಡ್ತಾನೆ, ಎಲ್ಲಾ ತಾನಾಗೇ ಬರತ್ತೆ.

ಪಬ್ಲಿಷ್ ಆಗಿರೋ ಸೆಟ್ಟಿಂಗ್‌ಗಳಲ್ಲೂ (ಆಟಕ್ಕೆ ಅಂತ ರೆಡಿ ಮಾಡಿಟ್ಟ ಪ್ರಪಂಚಗಳಲ್ಲಿ) ದೊಡ್ಡೋರಿಂದ ದೂರ ಇರೋರು, ದೊಡ್ಡೋರಿಗೆ ಬೇಕೇ ಬೇಕಾಗಿರೋರು, ಎರಡೂ ಥರ ಸಿಗತ್ತೆ. 1991ರ ಡಾರ್ಕ್ ಸನ್‌ನಲ್ಲಿ ಹಾಫ್‌ಲಿಂಗ್‌ಗಳು ನರಭಕ್ಷಕರು, ಅವ್ರ ಕಾಡಿಗೆ ಕಾಲಿಡೋಕೆ ಭಯ. 2004ರ ಎಬರಾನ್‌ನಲ್ಲಿ ಒಂದಷ್ಟು ಜನ ಬಯಲಲ್ಲಿ ಡೈನೋಸಾರ್ ಹತ್ಕೊಂಡು ಓಡಾಡ್ತಾರೆ, ಇನ್ನೊಂದಷ್ಟು ಜನ ಊರೂರಲ್ಲಿ ಛತ್ರ, ಚಿಕಿತ್ಸೆ ಮನೆ ನಡೆಸ್ತಾರೆ. ಎಲ್ರೂ ಮೆಚ್ಚೋದು ಡೈನೋಸಾರ್‌ನೇ, ಆದ್ರೆ ನನ್ನ ಕೇಳಿದ್ರೆ ಛತ್ರದೋರೇ ಜಾಸ್ತಿ ಕೆಲ್ಸಕ್ಕೆ ಬರೋದು, ಯಾಕಂದ್ರೆ ಪ್ಲೇಯರ್‌ಗಳು ಯಾವ ಊರಿಗೆ ಹೋದ್ರೂ ಅವ್ರ ಮನೆ ಬಾಗ್ಲು ತಟ್ಲೇಬೇಕು.

ಇನ್ನು ಊಟದ ಲೆಕ್ಕ. ಬೋರಿಂಗ್ ಅನ್ಸತ್ತೆ, ಆದ್ರೂ ಒಂದ್ಸಲ ಮಾಡಿ. ಐದನೇ ಎಡಿಷನ್‌ನ 2014ರ ರೂಲ್ಸ್ ಪ್ರಕಾರ ಸ್ಮಾಲ್ ಸೈಜ್ (ಹಾಫ್‌ಲಿಂಗ್ ಥರದೋರು) ಆಗ್ಲಿ ಮೀಡಿಯಂ (ಮನುಷ್ಯರು) ಆಗ್ಲಿ ದಿನಕ್ಕೆ ಒಂದು ಪೌಂಡ್ (ಸುಮಾರು 450 ಗ್ರಾಂ) ಊಟ ಬೇಕು, ಅಂದ್ರೆ ಸುಮಾರು 18 ಕೆಜಿ ತೂಗೋ ಹಾಫ್‌ಲಿಂಗ್ ಆಳು ನಮ್ಮಷ್ಟೇ ತಿಂತಾನೆ! ಊರಲ್ಲಿ 200 ಜನ ಇದ್ರೆ ದಿನಕ್ಕೆ 90 ಕೆಜಿ, ವರ್ಷಕ್ಕೆ 33 ಟನ್. ಅದೆಲ್ಲಾ ಅಕ್ಕಿನೇ ಅಂತ ಇಟ್ಕೊಳ್ಳಿ, ಭತ್ತ ಮಿಲ್ ಮಾಡಿದ್ರೆ ಮೂರರಲ್ಲಿ ಎರಡು ಪಾಲು ಅಕ್ಕಿ ಅಂದ್ರೂ 50 ಟನ್ ಭತ್ತ ಬೇಕು, ಎಕರೆಗೆ ಹತ್ತು ಕ್ವಿಂಟಾಲ್ ಅಂತ ಹಿಡಿದ್ರೆ 50 ಎಕರೆ ಗದ್ದೆ. ಈಗ ನಿಮ್ಮ ಮ್ಯಾಪ್ ನೋಡಿ, ಆ ಗುಡ್ಡದ ಹತ್ರ 50 ಎಕರೆ ಸಮತಟ್ಟು ಜಾಗ ಇದ್ಯಾ? ಇಲ್ಲ ಅಂದ್ರೆ ಅಕ್ಕಿ ಹೊರಗಿಂದ ಬರ್ತಿದೆ, ಕೊಡ್ತಿರೋನು ಯಾರು, ಅವ್ನಿಗೆ ಇವ್ರು ಎಷ್ಟು ಸಾಲ ಇಟ್ಟಿದ್ದಾರೆ? ಕಥೆ ಇಲ್ಲೇ ಹುಟ್ಟೋದು.

ಗದ್ದೆ ಇದೆ ಅಂತಾನೇ ಇಟ್ಕೊಳ್ಳೋಣ, ಉಳೋರು ಯಾರು? ನಮ್ಮ ಹಳ್ಳಿಕಾರ್ ಎತ್ತಿನ ಭುಜ ಇವ್ರ ತಲೆಗಿಂತ ಮೇಲಿದೆ, ನೊಗ ಹಾಕೋದು ಹೆಂಗೆ ಮಾರಾಯ. ಒಂದೋ ದೊಡ್ಡೋರ ಎತ್ತು ಬಾಡಿಗೆಗೆ ತರ್ಬೇಕು (ಮತ್ತೆ ಸಾಲ), ಇಲ್ಲಾಂದ್ರೆ ಮಲೆನಾಡು ಗಿಡ್ಡ ಕಟ್ಬೇಕು. ಗಿಡ್ಡ ದನ ನೋಡಿರ್ತೀರಲ್ಲ, ಎತ್ತರ ಹೆಚ್ಚುಕಮ್ಮಿ ಮೂರಡಿ, ಮಳೆಗೂ ಜಗ್ಗಲ್ಲ, ಗುಡ್ಡ ಹತ್ತಿ ಬೇಲಿ ಹಾರಿ ಮೇಯ್ಕೊಂಡು ಬರತ್ತೆ. ನನ್ನ ಟೇಬಲ್‌ನಲ್ಲಿ ಅದನ್ನ ಮೀಡಿಯಂ ಸೈಜ್ ಪ್ರಾಣಿ ಅಂತ ಮಾಡಿದೀನಿ, ಸವಾರಿ ಪ್ರಾಣಿ ಸವಾರನಿಗಿಂತ ಒಂದು ಸೈಜ್ ದೊಡ್ಡದಿರ್ಬೇಕು ಅನ್ನೋದು ರೂಲ್, ಸೋ ಸಣ್ಣೋರು ಗಿಡ್ಡ ಹೋರಿ ಹತ್ಬೋದು, ದೊಡ್ಡೋರಿಗೆ ಆಗಲ್ಲ. ಉಪ್ಪಿನ ಹೇರೂ ಅದರ ಮೇಲೇ. ಒಂದು ಹೋರಿ ಕಳುವಾದ್ರೆ ಇಡೀ ಊರು ದೊಣ್ಣೆ ಹಿಡ್ಕೊಂಡು ಹೊರಡತ್ತೆ.

ಮೈಕಟ್ಟಿನ ವಿಷ್ಯಕ್ಕೆ ಬಂದ್ರೆ ರೂಲ್‌ಬುಕ್ ನಂಬ್ಕೊಂಡು ಕೂರ್ಬೇಡಿ. ಗ್ರಿಡ್ (ಹೊಡೆದಾಟ ಆಡೋ ಚೌಕದ ಹಾಳೆ) ಮೇಲೆ ಸ್ಮಾಲ್‌ಗೂ ಮೀಡಿಯಂಗೂ ಅದೇ ಐದಡಿ ಚೌಕ, ಹಂಗಾಗಿ ಸಣ್ಣೋರ ಮನೆಯೊಳಗೆ ಆರಡಿ ಫೈಟರ್ ನುಗ್ಗಿದ್ರೂ ಆಟದಲ್ಲಿ ಏನೂ ವ್ಯತ್ಯಾಸ ಆಗಲ್ಲ. ನೀವೇ ಹೇಳ್ಬೇಕು: ಬಾಗ್ಲು ಮೂರೂವರೆ ಅಡಿ, ತೊಲೆ ನಾಲ್ಕಡಿ, ಒಳಗೆ ಬಗ್ಗೇ ಓಡಾಡ್ಬೇಕು, ದೊಡ್ಡ ಕತ್ತಿ ಬೀಸಿದ್ರೆ ಡಿಸ್‌ಅಡ್ವಾಂಟೇಜ್ (ಡೈಸ್ ಎರಡು ಸಲ ಉರುಳ್ಸಿ ಕಮ್ಮಿ ಬಂದಿದ್ದನ್ನ ತಗೊಳ್ಳೋದು). ಹೊರಗೆ ಹೋದ್ರೆ ಹಂಗೇ ಇನ್ನೊಂದು ಮಜಾ ಇದೆ. ಕಾಫಿ ತೋಟದಲ್ಲಿ ಗಿಡನ ಐದಡಿ ಆಸುಪಾಸಿಗೆ ಚಿವುಟಿ ನಿಲ್ಸಿರ್ತಾರಲ್ವಾ, ನಾವು ಸಾಲಲ್ಲಿ ನಿಂತ್ರೆ ತಲೆ ಹೊರಗೆ ಕಾಣತ್ತೆ, ಮೂರಡಿ ಮನುಷ್ಯ ಎಕರೆಗಟ್ಲೆ ತೋಟ ದಾಟಿ ಹೋದ್ರೂ ಬರೀ ಎಲೆ ಅಲ್ಲಾಡತ್ತೆ. ಇದನ್ನ ಒಂದ್ಸಲ ಚೇಸ್ ಸೀನ್‌ನಲ್ಲಿ ಹಾಕಿ ನೋಡಿ, ಕುದುರೆ ಮೇಲೆ ಬಂದ ಸೈನಿಕ್ರು ಪೂರ್ತಿ ದಡ್ಡರಾಗ್ತಾರೆ.

ರೇಸ್ ಶೀಟ್‌ನಲ್ಲಿರೋ (ಹಾಫ್‌ಲಿಂಗ್ ಥರದ ಒಂದೊಂದು ಜನಕ್ಕೂ ರೂಲ್ಸ್ ಕೊಟ್ಟಿರೋ) ಗುಣಗಳನ್ನೂ ಊರಿನ ಕಸುಬಿಗೆ ಜೋಡಿಸ್ಬೇಕು. ಹಾಫ್‌ಲಿಂಗ್‌ಗೆ ಭಯದ ವಿರುದ್ಧ ಅಡ್ವಾಂಟೇಜ್ (ಎರಡು ಸಲ ಉರುಳ್ಸಿ ಜಾಸ್ತಿ ಬಂದಿದ್ದನ್ನ ತಗೊಳ್ಳೋದು) ಇದೆ, ಹಂಗಾದ್ರೆ ರಾತ್ರಿ ಕಾವಲಿಗೆ ಇವ್ರನ್ನ ಬಿಟ್ರೆ ಇನ್ಯಾರು. ಆಲೂರು ಸಕಲೇಶಪುರ ಕಡೆ ಆನೆ ಕಾಟ ಏನು ಅಂತ ಗೊತ್ತಿರೋರಿಗೆ ಬಿಡ್ಸಿ ಹೇಳ್ಬೇಕಿಲ್ಲ, ದೊಡ್ಡೋರ ತೋಟದಲ್ಲಿ ಅಟ್ಟಣೆ ಮೇಲೆ ಕೂತು ಆನೆ ಓಡ್ಸೋದು ಸಣ್ಣೋರ ಕೆಲ್ಸ, ಕೂಲಿ ಭತ್ತದ ಲೆಕ್ಕ. ಆಮೇಲೆ ಆ ಅದೃಷ್ಟದ ಗುಣ, ಡೈಸ್‌ನಲ್ಲಿ 1 ಬಿದ್ರೆ ಮತ್ತೆ ಉರುಳ್ಸೋದು. ಪ್ರಪಂಚದ ಒಳಗಿನ ಜನಕ್ಕೆ ಡೈಸ್ ಗೊತ್ತಿಲ್ಲ, ಆದ್ರೆ ಈ ಜನ ಜೊತೇಲಿದ್ರೆ ಎಡವಟ್ಟು ಕಮ್ಮಿ ಆಗತ್ತೆ ಅಂತ ವ್ಯಾಪಾರಿಗಳು ಗಮನಿಸಿರ್ತಾರೆ, ಪ್ರತಿ ಗಾಡಿ ಸಾಲಿಗೂ ಒಬ್ಬನ್ನ ಕರ್ಕೊಂಡ್ ಹೋಗೋದು ಶಾಸ್ತ್ರ ಆಗೋಗಿರತ್ತೆ. ಚೆನ್ನಾಗೇ ನಡೀತಿರತ್ತೆ, ಒಂದು ಗಾಡಿ ಕಣಿವೆಗೆ ಬೀಳೋವರೆಗೂ. ಆಮೇಲೆ ತಪ್ಪು ಯಾರ ಮೇಲೆ ಬರತ್ತೆ ಹೇಳಿ?

ವಯಸ್ಸು ಇನ್ನೊಂದು ಅಸ್ತ್ರ. ಹಾಫ್‌ಲಿಂಗ್‌ಗಳು ನೂರೈವತ್ತರ ಹತ್ತಿರ ಬದುಕ್ತಾರೆ, ಗ್ನೋಮ್‌ಗಳಂತೂ (ಆಟದಲ್ಲಿರೋ ಇನ್ನೊಂದು ಸಣ್ಣ ಜನ) ನೂರಾರು ವರ್ಷ. ಈಗಿನ ಪಾಳೇಗಾರನ ಮುತ್ತಾತ ಸಂತೇಲಿ ಯಾವ ಕೊಳಗದಲ್ಲಿ ಭತ್ತ ಅಳೀತೀನಿ ಅಂತ ಮಾತು ಕೊಟ್ಟಿದ್ನೋ ಅದನ್ನ ಕಿವಿಯಾರೆ ಕೇಳಿದ ಅಜ್ಜಿ ಇನ್ನೂ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ತಿದ್ದಾಳೆ. ಈಗ ಪಾಳೇಗಾರನ ಶಾನುಭೋಗ ದೊಡ್ಡ ಕೊಳಗ ತಂದಿದ್ದಾನೆ. "ಅಜ್ಜಿ, ಸಾಕ್ಷಿ ಹೇಳೋಕೆ ಕೋಟೆಗೆ ಬರ್ತೀರಾ" ಅಂತ ಪ್ಲೇಯರ್‌ಗಳು ಕೇಳ್ಬೇಕು, ಅವ್ಳನ್ನ ಜೀವಂತ ಮೇಲೆ ತಲುಪಿಸ್ಬೇಕು. ಒಂದು ಕತ್ತಿ ಎತ್ತದೆ ಮೂರು ಸೆಷನ್ ಆರಾಮಾಗಿ ಓಡತ್ತೆ.

ಊರೊಳಗೆ ಎಲ್ರೂ ಒಂದೇ ಮಾತು ಆಡ್ಬಾರ್ದು, ರಸ್ತೆ ಬರ್ಲಿ ಅನ್ನೋ ಹುಡುಗ್ರು, ರಸ್ತೆ ಬಂದ್ರೆ ನಮ್ಮ ಕಾಲ್ದಾರಿಗೆ ಬೆಲೆ ಎಲ್ಲಿ ಅನ್ನೋ ಹಿರೀಕ್ರು, ಇಷ್ಟು ಸಾಕು.

ಒಂದು ವಿಷ್ಯದಲ್ಲಿ ಮಾತ್ರ ಕೈ ಬಿಗಿ ಇರ್ಲಿ. ಮಲೆನಾಡು ಬಳಸ್ಕೊಳ್ಳಿ, ಮಳೆ, ಮಣ್ಣು, ದನ, ಸಂತೆ, ಸಾಲ ಎಲ್ಲಾ ತಗೊಳ್ಳಿ. ಆದ್ರೆ ಇಲ್ಲಿ ನಿಜವಾಗ್ಲೂ ಇರೋ ಕಾಡುಜನರ ಹೆಸ್ರು, ದೇವ್ರು, ಆಚರಣೆ ತಂದು ಮೂರಡಿ ಜನಕ್ಕೆ ಅಂಟಿಸ್ಬೇಡಿ, ಲೈನ್ ಮನೆಯೋರ (ತೋಟದ ಸಾಲು ಮನೆಗಳಲ್ಲಿರೋ ಕೂಲಿ ಜನರ) ಮಾತಿನ ಧಾಟಿ ಅಣಕ ಮಾಡಿ ನಗ್ಸೋದೂ ಬೇಡ. ಟೇಬಲ್‌ನಲ್ಲಿ ಕೂತಿರೋ ಒಬ್ನ ಅಜ್ಜಿ ಮನೆ ಅದೇ ಆಗಿರ್ಬೋದು, ಅವ್ನು ನಗ್ತಾನೆ, ಮುಂದಿನ ಭಾನುವಾರ ಬರಲ್ಲ.

ಕಡೇದಾಗಿ, ಯಾರಾದ್ರೂ ನಾನು ಸಣ್ಣೋನ ಕ್ಯಾರೆಕ್ಟರ್ ಆಡ್ತೀನಿ ಅಂದ್ರೆ ಹತ್ತು ಪುಟದ ಬ್ಯಾಕ್‌ಸ್ಟೋರಿ ಬರೆಸ್ಬೇಡಿ. ನೀನು ಊರು ಬಿಟ್ಟ ದಿನ ನಿನ್ನ ಪಾಲಿನ ಉಪ್ಪಿನ ಹೇರು ಯಾರು ಹೊತ್ರು ಅಂತ ಕೇಳಿ. ತಂಗಿ ಅಂದ್ರೆ ತಂಗೀನ ಆಟದೊಳಗೆ ತನ್ನಿ, ಮಳೇಲಿ ಘಾಟಿ ಹತ್ತೋವಾಗ ಎದುರಿಗೇ ಸಿಗ್ಲಿ, "ಏನಣ್ಣ, ಈಗ ಬಂದ್ಯಾ" ಅಂತ ಬೈದು ಹೇರಿನ ಒಂದು ಕಡೆ ಅವ್ನ ಕೈಗೆ ಕೊಡ್ಲಿ.