ಎಡಗಡೆ ಜ್ವರ, ಬಲಗಡೆ ಪ್ರಾರ್ಥನೆ

ನಾನು ಹಾಸನದಲ್ಲಿ ಬಸ್ ಡಿಪೋ ಮೆಕ್ಯಾನಿಕ್. ಬಸ್ಸು ಒಳಗೆ ಬಂದ ಕೂಡಲೇ ಡ್ರೈವರ್ ಹೇಳಿದ ದೋಷವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇವೆ. ಬರೆಯದಿದ್ದ ದೋಷ ರಿಪೇರಿ ಆಗುವುದಿಲ್ಲ. 2022ರಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ದಿನ ನಾನು ಮಾಡಿದ ಮೊದಲ ಕೆಲಸವೂ ಅಂಥದ್ದೇ. ಅಂಗಡಿಗೆ ಹೋಗಿ 200 ಪುಟದ ಒಂದು ನೋಟ್‌ಬುಕ್ ತಂದೆ.

"ಏನ್ರೀ ಇದು, ಸಂತೆ ಲೆಕ್ಕನಾ?" ಅಂದಳು.

ಆ ಹೊತ್ತಿಗಾಗಲೇ ನಾಲ್ಕು ತಿಂಗಳು ಕಳೆದಿದ್ದೆವು. ಮೊದಲು ತೋರಿಸಿದ ಕಡೆ ಸುಮ್ನೆ ಗಂಟು, ಕರಗುತ್ತೆ ಅಂತ ಮಾತ್ರೆ ಕೊಟ್ಟಿದ್ದರು. ಕರಗಲಿಲ್ಲ. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದೆವು. ಮೊದಲು ಆಪರೇಷನ್, ಆಮೇಲೆ ಕೀಮೋ, ಕೊನೆಗೆ ರೇಡಿಯೇಷನ್ ಅಂದರು.

ಇವಳು ಟೈಲರ್. ಆಪರೇಷನ್ ಆದಮೇಲೆ ಗಾಯದ ಪಕ್ಕದಿಂದ ಒಂದು ಟ್ಯೂಬ್ ಬರುತ್ತೆ, ಅದರ ತುದಿಗೆ ನೀರು ತುಂಬುವ ಬಾಟ್ಲಿ ಇರುತ್ತೆ ಅಂತ ನರ್ಸ್ ಹೇಳಿದ್ದೇ ತಡ, ಮಿಕ್ಕಿದ್ದ ಬ್ಲೌಸ್ ಪೀಸಿನಲ್ಲಿ ಹೆಗಲಿಗೆ ಹಾಕಿಕೊಳ್ಳುವ ಎರಡು ಚೀಲ ಹೊಲಿದಿಟ್ಟುಕೊಂಡಳು. ಒಂದು ಒಗೆಯಲು ಹಾಕಿದರೆ ಇನ್ನೊಂದು. ಆ ಬಾಟ್ಲಿಯ ನೀರು ಅಳೆಯುವುದು ನನ್ನ ಕೆಲಸ. ಬೆಳಿಗ್ಗೆ 120 ಎಂಎಲ್, ಮಾರನೇ ದಿನ 95, ಆಮೇಲೆ 70. ದಿನಕ್ಕೆ 30ಕ್ಕಿಂತ ಕಡಿಮೆ ಬಂದ ಮೇಲೆ ಟ್ಯೂಬ್ ತೆಗೆದರು. ಅಷ್ಟು ದಿನ ಗಾಯ ನೋಡಲು ನನಗೆ ಧೈರ್ಯ ಇರಲಿಲ್ಲ, ಬಾಟ್ಲಿ ಮಾತ್ರ ನೋಡುತ್ತಿದ್ದೆ. ಅದು ಇವಳಿಗೆ ಗೊತ್ತಿತ್ತು. ಏನೂ ಹೇಳಲಿಲ್ಲ.

ನಾನು ಎಡಪುಟದಲ್ಲಿ ಮಾತ್ರ ಬರೆಯುತ್ತಿದ್ದೆ. ಬಲಪುಟ ಖಾಲಿ ಬಿಡುವುದು ನೋಡಿ, "ಅದು ನನಗಿರಲಿ" ಅಂದಳು. ದಿನಕ್ಕೊಂದು ಸಾಲು ಪ್ರಾರ್ಥನೆ ಬರೆಯತೊಡಗಿದಳು. ನಾನು ಓದಬಾರದು ಅಂತ ಕರಾರು.

ಮೊದಲ ನಾಲ್ಕು ಕೀಮೋ 21 ದಿನಕ್ಕೊಂದು. ಅದರಲ್ಲಿ ಒಂದು ಔಷಧಿ ಶರಬತ್ತಿನ ಹಾಗೆ ಕೆಂಪಗಿರುತ್ತದೆ. ಆಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮುಂಚೆಯೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಎರಡನೇ ಕೀಮೋ ಬರುವಷ್ಟರಲ್ಲಿ ಕೂದಲು ದಿಂಬಿನ ಮೇಲೆ. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗಾಗುತ್ತೆ ಅಂದಳು, ಪ್ಲಾಸ್ಟಿಕ್ ಚಮಚ ತಂದೆ. ಬಾಯಿ ಹುಣ್ಣಿಗೆ ಉಗುರುಬೆಚ್ಚಗಿನ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಮುಕ್ಕಳಿಸುವುದು. ರಾಗಿ ಗಂಜಿ ಮಾಡುವುದು ನಾನು ಕಲಿತೆ. ಮೊದಲ ವಾರ ಗಂಟು ಗಂಟು.

ನಿಜವಾದ ಅಪಾಯ ವಾಂತಿಯಲ್ಲ, ಜ್ವರ. ಕೀಮೋ ಆದ ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತುಂಬಾ ಇಳಿಯುತ್ತದೆ. ಆಗ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಆಸ್ಪತ್ರೆಗೆ ಹೇಳದೆ ಪ್ಯಾರಾಸಿಟಮಾಲ್ ನುಂಗಲೂಬಾರದು, ಜ್ವರ ಮುಚ್ಚಿಹೋಗುತ್ತದೆ. ಎರಡನೇ ಕೀಮೋದ ಒಂಬತ್ತನೇ ದಿನ ರಾತ್ರಿ 11ಕ್ಕೆ ಥರ್ಮಾಮೀಟರ್ 100.8 ತೋರಿಸಿತು. ನನ್ನ ಕೈಕಾಲು ಆಡಲಿಲ್ಲ. ಮಂಡಿಯೂರಿ ಕೂತುಬಿಟ್ಟೆ. ಇವಳು ಸ್ವೆಟರ್ ಹಾಕಿಕೊಳ್ಳುತ್ತಾ, "ಪ್ರಾರ್ಥನೆ ಆಟೋದಲ್ಲಿ ಮಾಡೋಣ, ಏಳ್ರೀ" ಅಂದಳು.

ಕಣ 800ಕ್ಕೆ ಇಳಿದಿತ್ತು. ಐದು ದಿನ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರು.

ಅವತ್ತಿನಿಂದ ನಾವು ಚರ್ಚಿನ ಸಭೆಯ ಜೊತೆಗೂ ಕೆಲವು ಲೆಕ್ಕ ಇಟ್ಟುಕೊಳ್ಳಬೇಕಾಯಿತು. ನಮ್ಮಲ್ಲಿ ಪ್ರಭು ಭೋಜನದ ಆರಾಧನೆಯಲ್ಲಿ ದ್ರಾಕ್ಷಾರಸ ಕುಡಿಯಲು ಎಲ್ಲರಿಗೂ ಒಂದೇ ಬಟ್ಟಲು. ಕಣ ಇಳಿದಿರುವವರಿಗೆ ಅದು ಸರಿಯಲ್ಲ. ಕೇಳಲು ಸಂಕೋಚ ಆಯಿತು, ಕೇಳಿದೆ. ಅಯ್ನೋರು ಒಂದು ಮಾತೂ ಆಡದೆ ಬುಧವಾರ ಮಾಸ್ಕ್ ಹಾಕಿಕೊಂಡು ಮನೆಗೇ ಬಂದರು, ಬೇರೆಯದೇ ಸಣ್ಣ ಲೋಟ ತಂದಿದ್ದರು. ಬೈಬಲಿನ ಯಾಕೋಬನ ಪತ್ರಿಕೆಯಲ್ಲಿ ಹೇಳಿರುವ ಹಾಗೆ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಹೊರಡುವಾಗ, "ಮುಂದಿನ ಕೀಮೋ ಯಾವತ್ತು?" ಅಂತ ಕೇಳಿ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಡಿಸೆಂಬರಿನಲ್ಲಿ ಕ್ಯಾರಲ್ ಹಾಡುವವರು ಗೇಟಿನ ಹೊರಗೇ ನಿಂತು ಹಾಡಿದರು. ಇವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಿಟಕಿಯಲ್ಲಿ ಕೂತಿದ್ದಳು.

ಎಲ್ಲರೂ ಹೀಗಿರಲಿಲ್ಲ. ಬೇರೊಂದು ಪ್ರಾರ್ಥನಾ ಕೂಟದವರು ಒಬ್ಬರು ಮನೆಗೆ ಬಂದು, ವಿಶ್ವಾಸ ಇದ್ದರೆ ಔಷಧಿ ಯಾಕೆ, ಉಪವಾಸ ಮಾಡಿ, ಕೀಮೋ ನಿಲ್ಲಿಸಿ ಅಂದರು. ನನಗೆ ಎದೆ ನಡುಗಿತು. ಹೌದೇನೋ ಅಂತ ಅರ್ಧ ನಿಮಿಷ ಅನಿಸಿದ್ದೂ ನಿಜ. ಇವಳು ಮಲಗಿದ್ದಲ್ಲಿಂದಲೇ, "ಅಣ್ಣಾ, ಬೈಬಲಿನ ಲೂಕ ಡಾಕ್ಟ್ರಲ್ವಾ? ತಿಮೊಥೆಗೆ ಹೊಟ್ಟೆ ಸರಿ ಇಲ್ಲ ಅಂದಾಗ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಅಂದ, ಉಪವಾಸ ಮಾಡು ಅನ್ನಲಿಲ್ಲ" ಅಂದಳು. ಹತ್ತು ವರ್ಷ ಸಂಡೆ ಸ್ಕೂಲ್ ಕಲಿಸಿದವಳು. ಅವರು ಕಾಫಿ ಕುಡಿಯದೆ ಹೋದರು.

ಇವಳ ವಿಶ್ವಾಸ ಗಟ್ಟಿ, ನನ್ನದಲ್ಲ. ಮೂರನೇ ಕೀಮೋ ಆದಮೇಲೆ ನನ್ನ ಬಾಯಲ್ಲಿ ಪ್ರಾರ್ಥನೆಯೇ ಬರುತ್ತಿರಲಿಲ್ಲ. ಅಡುಗೆಮನೆ ಸ್ಟ್ಯಾಂಡಿನಲ್ಲಿ ಪಾತ್ರೆ ಜೋರಾಗಿ ಕುಕ್ಕುತ್ತಿದ್ದೆ. ಭಾನುವಾರ ಡ್ಯೂಟಿ ಇದೆ ಅಂತ ಸುಳ್ಳು ಹೇಳಿ ಎರಡು ಸಲ ಚರ್ಚ್ ತಪ್ಪಿಸಿದೆ. ಒಂದು ರಾತ್ರಿ ಇವಳು 88ನೇ ಕೀರ್ತನೆ ಓದು ಅಂದಳು. ಓದಿದೆ. ಬೇರೆ ಕೀರ್ತನೆಗಳಲ್ಲಿ ಗೋಳು ಮುಗಿದ ಮೇಲೆ ಕೊನೆಗಾದರೂ ಒಂದು ಸ್ತೋತ್ರ ಬರುತ್ತೆ ಅಲ್ವಾ, ಇದರಲ್ಲಿ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. "ಇದೂ ಬೈಬಲಿನಲ್ಲೇ ಇದೆ. ಬೈದರೂ ಅವನ ಹತ್ರಾನೇ ಬೈತಿದ್ದೀಯಲ್ಲ, ಬೈಯಿ" ಅಂದಳು. ಏಕವಚನ ಇವಳ ಬಾಯಲ್ಲಿ ಬರುವುದು ತುಂಬಾ ಅಪರೂಪ. ಆಮೇಲೆ ನೋಟ್‌ಬುಕ್ ತೆಗೆದು ಬಲಪುಟ ತೋರಿಸಿದಳು. ಹಿಂದಿನ ದಿನದ ಸಾಲು: "ಕರ್ತನೇ, ಇವರ ಸಿಟ್ಟನ್ನು ನೀನು ಇಟ್ಟುಕೋ. ನನಗೆ ಗಂಟಿಲ್ಲದ ಗಂಜಿ ಸಾಕು."

ನಗು ಬಂತು, ಅಳುವೂ ಬಂತು. ಅವತ್ತು ಮೊದಲ ಸಲ ಗಾಯ ನೋಡಿದೆ. ನಾನೇ ಎಣ್ಣೆ ಹಚ್ಚಿಕೊಟ್ಟೆ.

ಆಮೇಲಿನದು ವಾರಕ್ಕೊಂದರಂತೆ 12 ಕೀಮೋ, 15 ದಿನ ರೇಡಿಯೇಷನ್. ಎದೆ ಮೇಲೆ ಹಾಕಿದ ಗುರುತು ಅಳಿಸಬಾರದು ಅಂತ ಸ್ನಾನಕ್ಕೆ ಹುಷಾರು, ಅಷ್ಟೇ. ಎಡಗಂಕುಳಿನ ಗ್ರಂಥಿ ತೆಗೆದಿದ್ದರಿಂದ ಆ ಕೈಗೆ ಬಿಪಿ ಪಟ್ಟಿ ಕಟ್ಟಿಸುವುದಿಲ್ಲ, ಸೂಜಿ ಚುಚ್ಚಿಸುವುದಿಲ್ಲ, ನೀರಿನ ಕೊಡ ನಾನೇ ಎತ್ತುತ್ತೇನೆ. ಖರ್ಚಿನ ಬಗ್ಗೆ ಇಷ್ಟೇ: ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಯೋಜನೆ ಕೇಳಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆ ಕಾರ್ಡ್ ಇಲ್ಲದ ನಮ್ಮಂಥವರು ಒಂದು ಬಿಲ್ಲನ್ನೂ ಬಿಸಾಡಬೇಡಿ.

ಎಲ್ಲ ಮುಗಿದ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳಿ, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಿ ಅಂತ ಒತ್ತಾಯ ಬಂತು. ಅದ್ಭುತ ಆಯಿತು ಅಂತ ಹೇಳಲಿ ಅನ್ನುವುದು ಕೆಲವರ ಆಸೆ. ಇವಳಿಗೆ ಇನ್ನೂ ಐದು ವರ್ಷ ಮಾತ್ರೆ ಇದೆ, ಆರು ತಿಂಗಳಿಗೊಮ್ಮೆ ಚೆಕಪ್ ಇದೆ. ಎದ್ದು ನಿಂತು, ಪ್ರಾರ್ಥನೆ ಮಾಡಿದವರಿಗೆ, ರಕ್ತ ಕೊಟ್ಟವರಿಗೆ, ಕ್ಯಾರಿಯರಿನಲ್ಲಿ ಊಟ ತಂದವರಿಗೆ ಸ್ತೋತ್ರ ಅಂದಳು. "ವಾಸಿ ಆಗಿದೆಯಾ ಅಂತ ಕೇಳ್ತೀರ, ಸದ್ಯಕ್ಕೆ ಇಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಗಂಟು ಸಿಕ್ಕಿದ್ರೆ ನಾಲ್ಕು ತಿಂಗಳು ಕಾಯಬೇಡಿ. ಯಾರಿಗಾದ್ರೂ ಏನಾದ್ರೂ ಕೇಳಬೇಕಿದ್ರೆ ಮನೆಗೆ ಬನ್ನಿ" ಅಂತ ಕೂತುಬಿಟ್ಟಳು. ಎರಡು ನಿಮಿಷವೂ ಆಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಇಷ್ಟೇನಾ ಅಂದದ್ದು ಕೇಳಿಸಿತು.

ಮಂಗಳವಾರ ಸಂಜೆ ಸಭೆಯ ಒಬ್ಬ ದೊಡ್ಡಮ್ಮ ಬಂದರು. ಕೂರಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಂಡು ನನ್ನ ಕಡೆ ಒಂದು ಸಲ ನೋಡಿದರು. ಇವಳು ಅವರನ್ನು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ನಾನು ಹಾಲು ತರ್ತೀನಿ ಅಂತ ಕೂಗಿ ಹೇಳಿ ಚಪ್ಪಲಿ ಮೆಟ್ಟಿದೆ. ಮನೆಯಲ್ಲಿ ಹಾಲು ಇತ್ತು.