ಗೇರಿಲ್ಲದ ಗಾಡಿಯಲ್ಲಿ ಘಾಟಿ ಇಳಿಯುವಾಗ

ಹಗುರವಾದ ಆಟೋಮ್ಯಾಟಿಕ್ ಸ್ಕೂಟರಿನಲ್ಲಿ ಒಬ್ಬರೇ ದೂರ ಹೋಗುವವರಿಗೆ: ಉದ್ದ ಇಳಿಜಾರಿನಲ್ಲಿ ಗಾಡಿ ಎಂಜಿನ್ ಹಿಡಿತ ಬಿಟ್ಟು ಸುಮ್ನೆ ಉರುಳತೊಡಗಿದರೆ, ಆಕ್ಸಿಲರೇಟರನ್ನು ಒಂಚೂರು ತಿರುವಿ, ಕೂಡಲೇ ಕೈ ಸಡಿಲಿಸಿ. ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಗಾಡಿ ತಡೆಯುತ್ತದೆ. ಈ ಗಾಡಿಗಳಲ್ಲಿ ವೇಗ ತೀರಾ ಇಳಿದಾಗ ಕ್ಲಚ್ ಶೂಗಳು (ಎಂಜಿನ್ನನ್ನು ಚಕ್ರಕ್ಕೆ ಜೋಡಿಸುವ ಹಿಡಿತದ ತುಂಡುಗಳು) ಒಳಕ್ಕೆ ಸರಿದು ಎಂಜಿನ್ನಿಗೂ ಚಕ್ರಕ್ಕೂ ನಂಟು ತಪ್ಪುತ್ತದೆ. ಆಮೇಲೆ ಗಾಡಿ ಎಷ್ಟೇ ಜೋರಾಗಿ ಉರುಳಿದರೂ ಅವು ತಾವಾಗಿ ಕಚ್ಚುವುದಿಲ್ಲ. ಎಂಜಿನ್ ಸ್ವಲ್ಪ ಜೋರಾಗಿ ತಿರುಗಿದರೆ ಮಾತ್ರ ಹೊರಚಾಚಿ ಮತ್ತೆ ಹಿಡಿಯುತ್ತವೆ. ಬ್ರೇಕ್ ಬಿಸಿಯಾಗುವುದು ಕಡಿಮೆಯಾಗುತ್ತದೆ, ಡ್ರಮ್ ಬ್ರೇಕ್ ಇದ್ದವರಿಗಂತೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಚಿಕ್ಕ ಎಂಜಿನ್ನಿನ ಹಿಡಿತವೂ ಚಿಕ್ಕದೇ ಅಲ್ವಾ? ಇಳಿಜಾರು ತುಂಬಾ ಕಡಿದಾಗಿದ್ದರೆ, ಲಗೇಜು ಜಾಸ್ತಿಯಿದ್ದರೆ ಇದೊಂದೇ ಸಾಲದು, ಎರಡೂ ಬ್ರೇಕ್ ಬೇಕೇ ಬೇಕು. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಆರಲು ಬಿಡಿ, ನೀರು ಮಾತ್ರ ಸುರಿಯಬೇಡಿ. ಇನ್ನೊಂದು, ತಿರುವಿನ ನಡುವೆ ಅಥವಾ ಒದ್ದೆ ರಸ್ತೆಯಲ್ಲಿ ಹೀಗೆ ಆಕ್ಸಿಲರೇಟರ್ ತಿರುವಿ ಬಿಡುವುದು ಬೇಡ. ಹಿಂದಿನ ಚಕ್ರಕ್ಕೆ ಸಣ್ಣ ಜಗ್ಗು ಬಿದ್ದರೂ ಜಾರಬಹುದು, ನೇರ ರಸ್ತೆ ಇರುವಾಗಲೇ ಮಾಡಿಕೊಳ್ಳಿ.