ಕಾಟನ್‌ವುಡ್ ಬೇರಿನಲ್ಲಿ ಒಂದು ಹುಂಜ

ಸಾಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಗುಡಿಗಾರರಿದ್ದರು. ಶ್ರೀಗಂಧದ ತುಂಡಿನೊಳಗಿಂದ ಆನೆ ಎದ್ದು ಬರುವುದನ್ನು ನೋಡುತ್ತ ಕುಳಿತು ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡದ್ದುಂಟು. ಆದರೆ ನಾನು ಚಾಕು ಹಿಡಿದದ್ದು ನಲವತ್ತು ದಾಟಿದ ಮೇಲೆ, ಅರಿಜೋನಾದ ಫೀನಿಕ್ಸ್‌ನಲ್ಲಿ. ಅಲ್ಲಿನ ಹರ್ಡ್ ಮ್ಯೂಸಿಯಂನಲ್ಲಿ ಆ ರಾಜ್ಯದ ಮೂಲನಿವಾಸಿಗಳಾದ ಹೋಪಿ ಜನರ ಕಚಿನಾ ಗೊಂಬೆಗಳಿವೆ; ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರೇ 1964ರಲ್ಲಿ 437 ಗೊಂಬೆಗಳನ್ನು ಕೊಟ್ಟಿದ್ದರು. ಅವುಗಳ ಮುಂದೆ ನಿಂತವನಿಗೆ ಕೈ ತುರಿಸತೊಡಗಿತು. ಅಂಗಡಿಯಿಂದ ಮರ ತಂದು ಒಂದನ್ನು ನಕಲು ಮಾಡಲು ಹೊರಟೆ. ಹೊಟ್ಟೆ ಬಂದ ಗಣಪತಿಗೆ ಮುಖವಾಡ ತೊಡಿಸಿದಂತೆ ಆಯಿತು.

ಮರದ್ದೇ ತಪ್ಪು ಎಂದುಕೊಂಡೆ. ಹೋಪಿಗಳು ಕೆತ್ತುವುದು ಕಾಟನ್‌ವುಡ್ ಮರದ ಬೇರನ್ನು. ಅವರ ಮಾತಿನಲ್ಲಿ ಅದು ಪಾಕೊ. ಅದನ್ನು ಹುಡುಕಿಕೊಂಡು ನಾಲ್ಕು ಗಂಟೆಗೂ ಹೆಚ್ಚು ಕಾರು ಓಡಿಸಿ ಹೋಪಿಗಳ ಊರುಗಳಿರುವ ಸೆಕೆಂಡ್ ಮೇಸಾಕ್ಕೆ ಹೋದೆ. ಊರೊಳಗೆ ಫೋಟೋ ತೆಗೆಯುವಂತಿಲ್ಲ ಎಂಬ ಫಲಕವಿತ್ತು. ಮೊಬೈಲನ್ನು ಕಾರಿನಲ್ಲೇ ಬಿಟ್ಟೆ. ಪರಿಚಿತರೊಬ್ಬರು ಹೇಳಿದ್ದ ಮನೆಯ ಅಂಗಳದಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ತೊಡೆಯ ಮೇಲೆ ಹಳೆಯ ಜೀನ್ಸ್ ಬಟ್ಟೆ ಹಾಸಿಕೊಂಡು ಕೆತ್ತುತ್ತಿದ್ದರು. ಮಡಚುವ ಚಾಕು, ಅರ, ಮರಳು ಕಾಗದ. ಬೇರೆ ಹತಾರವಿರಲಿಲ್ಲ.

ಗೊಂಬೆ ಎನ್ನುವ ಮಾತೇ ದಾರಿ ತಪ್ಪಿಸುತ್ತದೆ ಎಂದು ತಿಳಿದದ್ದು ಅಲ್ಲಿ. ಅವರು ಕರೆಯುವುದು ತಿಹು ಎಂದು. ಕಚಿನಾಗಳು, ಅವರ ಉಚ್ಚಾರದಲ್ಲಿ ಕತ್ಸಿನಾಗಳು, ಮಳೆಯನ್ನು ತರುವ ಚೇತನಗಳು. ಚಳಿಗಾಲದಲ್ಲಿ ಊರಿಗೆ ಬಂದು, ಜುಲೈ ತಿಂಗಳ ನಿಮಾನ್ ಆಚರಣೆಯ ನಂತರ ಅರಿಜೋನಾದಲ್ಲೇ ಇರುವ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳುತ್ತವೆ. ಆ ದಿನಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬರುವುದು ಈ ತಿಹು. ಆಮೇಲೆ ಅದು ಗೋಡೆಗೆ ತೂಗುತ್ತದೆ. ಹಳೆಯವಕ್ಕೆ ಪೀಠವಿಲ್ಲದ್ದು ಅದಕ್ಕೇ. ಪೀಠ ಕೊಳ್ಳುವವರ ಕಪಾಟಿಗಾಗಿ ಬಂದದ್ದು. ಮಾರಾಟದ ಗೊಂಬೆಗೆ ಹದ್ದಿನ ಗರಿ ಅಂಟಿಸಲು ಅಮೆರಿಕದ ಕಾನೂನು ಬಿಡುವುದಿಲ್ಲ. ಹಾಗಾಗಿ ಅವರು ಗರಿಯನ್ನೂ ಮರದಲ್ಲೇ ಬಿಡಿಸಿ, ಕಾಯಿಸಿದ ಮೊನೆಯಿಂದ ಎಳೆಎಳೆಯಾಗಿ ಸುಟ್ಟು ಗೆರೆ ಮೂಡಿಸುತ್ತಾರೆ.

"ಮುಖ ಕೆತ್ತುವುದನ್ನು ಹೇಳಿಕೊಡುತ್ತೀರಾ?" ಎಂದು ಕೇಳಿದೆ. ಅವರು ಜೋಳದ ಹೊಲದ ಮಾತು ತೆಗೆದರು. ನೀರಾವರಿ ಇಲ್ಲದ ಮರಳು ನೆಲ, ಕೋಲಿನಿಂದ ಆಳಕ್ಕೆ ಕುಳಿ ತೋಡಿ ನೀಲಿ ಜೋಳದ ಬೀಜ ಬಿಡಬೇಕು. ಬಿತ್ತನೆಯ ವಾರಗಳಲ್ಲಿ ಚಾಕು ಮುಟ್ಟಲು ಬಿಡುವಿಲ್ಲ. ಮತ್ತೆ ಕೇಳಿದೆ, ನನ್ನ ದಡ್ಡತನಕ್ಕೆ.

"ನನಗೆ ನನ್ನ ಸೋದರಮಾವ ಹೇಳಿಕೊಟ್ಟ. ನಿನಗೆ ಯಾವ ಸೋದರಮಾವ ಹೇಳಿಕೊಟ್ಟಿದ್ದಾನೆ?"

ಹೋಪಿಗಳಲ್ಲಿ ಕುಲ ತಾಯಿಯಿಂದ ಬರುತ್ತದೆ. ಅಳಿಯಸಂತಾನದ ನಾಡಿನ ಪಕ್ಕದಲ್ಲೇ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಮನೆಗೆ ಬಂದು ಆ ಮುಖವಾಡದ ಗಣಪತಿಯನ್ನು ಒಲೆಗೆ ಹಾಕಿದೆ. ಆದರೆ ಬರುವಾಗ ದುಡ್ಡು ಕೊಟ್ಟು ಮೊಳದುದ್ದದ ಒಂದು ಬೇರನ್ನು ತಂದಿದ್ದೆ. "ಕೋಳಿ ಮಾಡು, ಕೋಳಿ ಎಲ್ಲರದ್ದೂ" ಎಂದು ಅವರೇ ಕೊಟ್ಟದ್ದು.

ಕೈಯಲ್ಲಿ ಹಿಡಿದರೆ ಬೆಂಡು. ಬಾಸಿಂಗಕ್ಕೆ ಬಳಸುತ್ತಾರಲ್ಲ, ಹೆಚ್ಚುಕಡಿಮೆ ಆ ಹಗುರ. ಮೆದು ಮರ ಸುಲಭ ಎಂದು ನಂಬಿ ಮೋಸಹೋದೆ. ಗಟ್ಟಿ ಮರ ಮೊಂಡು ಚಾಕುವನ್ನು ಹೇಗೋ ಸಹಿಸುತ್ತದೆ. ಈ ಬೇರು ಸಹಿಸದು. ಕತ್ತರಿಸುವ ಬದಲು ಎಳೆಗಳು ಜಜ್ಜಿ ಹೋಗಿ, ಜಾಗವೆಲ್ಲ ನಾರು ನಾರು. ಹತ್ತು ನಿಮಿಷಕ್ಕೊಮ್ಮೆ ಚರ್ಮದ ಪಟ್ಟಿಯ ಮೇಲೆ ಚಾಕು ಮಸೆಯುವುದನ್ನು ರೂಢಿಸಿಕೊಂಡ ಮೇಲೆಯೇ ಸಿಪ್ಪೆ ಸುರುಳಿಯಾಗಿ ಏಳತೊಡಗಿದ್ದು. ಬೇರು ನೆಲದೊಳಗೆ ನೀರು ಹುಡುಕುತ್ತ ತಿರುಚಿಕೊಂಡಿರುತ್ತದೆ, ಒಳಗಿನ ಎಳೆಯೂ ಹಾಗೆಯೇ. ಹುಂಜದ ಬೆನ್ನಿನ ಮೇಲೆ ಬಾಲದ ಕಡೆಗೆ ಸರಾಗವಾಗಿ ಓಡಿದ ಚಾಕು, ಎರಡು ಬೆರಳಿನಾಚೆ ಕಚ್ಚಿಕೊಂಡು ಒಂದು ಚಕ್ಕೆಯನ್ನೇ ಎಬ್ಬಿಸಿತು. ಅಲ್ಲಿಂದ ತುಂಡನ್ನು ತಿರುಗಿಸಿ ಎದುರಿನಿಂದ ಬರಬೇಕು.

ಬಾಲದ ಗರಿ ಐದು ಬಿಡಿಸಿದೆ, ಉಳಿದದ್ದು ಮೂರು. ಮುರಿದ ಎರಡೂ ಎಳೆಗೆ ಅಡ್ಡವಾಗಿ ಬಿಡಿಸಿದವು. ಉಳಿದವುಗಳ ಬುಡಕ್ಕೆ ತೆಳು ಅಂಟು ಕುಡಿಸಿ ಒಣಗಿಸಿದ ಮೇಲೆ ಮರಳು ಕಾಗದಕ್ಕೆ ತಡೆದವು. ಬಣ್ಣದಲ್ಲಿ ಇನ್ನೊಂದು ಪಾಠ ಕಾದಿತ್ತು. ಹಿರಿಯರು ಮೊದಲು ಬಿಳಿ ಜೇಡಿಯ ಲೇಪ ಕೊಡುತ್ತಿದ್ದುದನ್ನು ಕಣ್ಣಾರೆ ನೋಡಿದ್ದರೂ ಅವಸರದಲ್ಲಿ ಬಿಟ್ಟೆ. ಜುಟ್ಟಿನ ಕೆಂಪನ್ನು ಬೇರು ಕುಡಿದು ಕಣ್ಣಿನವರೆಗೂ ಹರಿಸಿತು. ತಲೆಯನ್ನೆಲ್ಲ ಉಜ್ಜಿ, ಬಿಳಿ ಬಳಿದು ಮತ್ತೆ ಶುರು. ಒಟ್ಟು ಏಳು ವಾರಾಂತ್ಯ ಹಿಡಿಯಿತು.

ಮುಂದಿನ ಬೇಸಿಗೆಯಲ್ಲಿ ಹುಂಜವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಕೊಕ್ಕಿನಿಂದ ಕತ್ತಿಗೆ, ಕತ್ತಿನಿಂದ ಎದೆಗೆ ಜಾರಿಸಿದರು. ಎದೆಯ ಬಳಿ ಬೆರಳು ನಿಂತಿತು.

"ಇಲ್ಲಿ ಇನ್ನೂ ಮರ ಉಳಿದಿದೆ" ಎಂದು ಹುಂಜವನ್ನು ನನ್ನ ಕೈಗೆ ಹಾಕಿ, ತಮ್ಮ ಚಾಕುವನ್ನು ಮಡಚಿ, ಹೊಲದ ಕಡೆ ಹೊರಟರು.